ಓದುಗರ ಪ್ರಶ್ನೆ: ಬ್ಯಾಂಕಿನ ಅರ್ಥಶಾಸ್ತ್ರ ಕಲಿಸುವ ಮೇಷ್ಟ್ರ ಕೆಲಸ ಎಂಥದ್ದು?

ಬ್ಯಾಂಕಿಂಗ್ ವಿಷಯದಲ್ಲಿ ಪರಿಣತಿ ಪಡೆದು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರಾಗುವ ದಾರಿಯ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಬ್ಯಾಂಕಿಂಗ್ ಪ್ರಾಧ್ಯಾಪಕರೆಂದರೆ ಬ್ಯಾಂಕಿನ ವ್ಯವಹಾರ ಹೇಳಿಕೊಡುವವರು ತಾನೆ? ಖಾತೆ, ಚೆಕ್ಕು, ಸಾಲದ ಅರ್ಜಿ, ಇದರಲ್ಲಿ ಜೀವಮಾನವಿಡೀ ಸಂಶೋಧನೆ ಮಾಡುವಂಥದ್ದು ಏನಿದೆ?

ಉತ್ತರ: ಖಾತೆ ತೆರೆಯುವುದು, ಸಾಲದ ಕಾಗದಪತ್ರ ನೋಡುವುದು ಬ್ಯಾಂಕಿನ ತರಬೇತಿ ಕೇಂದ್ರದ ಪಾಠ. ಅರ್ಥಶಾಸ್ತ್ರದವರ ತಲೆ ಕೊರೆಯುವ ಪ್ರಶ್ನೆಯೇ ಬೇರೆ. ಹಣ ಉಳಿಸಿದವರಿಗೂ ಹಣ ಬೇಕಾದವರಿಗೂ ನಡುವೆ ಬ್ಯಾಂಕ್ ಎಂಬುದೊಂದು ಏಕೆ ಬೇಕು? ಕೇಳಿದ ಕ್ಷಣ ವಾಪಸು ಕೊಡುತ್ತೇನೆಂದು ಠೇವಣಿ ತೆಗೆದುಕೊಂಡು, ಅದನ್ನೇ ಇಪ್ಪತ್ತು ವರ್ಷದ ಸಾಲವಾಗಿ ಕೊಡುವ ಸಂಸ್ಥೆ ನಿಂತಿರುವುದಾದರೂ ಹೇಗೆ? ಅದು ಬಿದ್ದರೆ ಅದಕ್ಕೆ ಸಂಬಂಧವೇ ಇಲ್ಲದವರಿಗೂ ಏಟು ಬೀಳುವುದೇಕೆ?

ಒಂದು ಲೆಕ್ಕ ನೋಡಿ. ಬ್ಯಾಂಕಿನ ಆಸ್ತಿ 100, ಠೇವಣಿ 92, ಸ್ವಂತ ಬಂಡವಾಳ 8. ಕೊಟ್ಟ ಸಾಲದಲ್ಲಿ 5 ಮುಳುಗಿತು. ಆಸ್ತಿ 95ಕ್ಕೆ ಇಳಿಯಿತು, ಠೇವಣಿದಾರರಿಗೆ ಕೊಡಬೇಕಾದ 92 ಹಾಗೇ ಇದೆ, ಬಂಡವಾಳ 3ಕ್ಕೆ ಬಂತು. ಹೊಸ ಬಂಡವಾಳ ಹಾಕುವವರು ಸಿಗದಿದ್ದರೆ, ಮತ್ತೆ ಆಸ್ತಿಯ ಶೇ 8ರಷ್ಟು ಬಂಡವಾಳದ ಅನುಪಾತಕ್ಕೆ ಬರಲು ಆಸ್ತಿಯನ್ನು 37.5ಕ್ಕೆ ಕುಗ್ಗಿಸಬೇಕು. ಎಂದರೆ 5ರ ನಷ್ಟಕ್ಕೆ 57.5ರಷ್ಟು ಸಾಲವನ್ನೂ ಹೂಡಿಕೆಯನ್ನೂ ವಾಪಸು ಎಳೆದುಕೊಳ್ಳಬೇಕು. ನಿಜದಲ್ಲಿ, ಬ್ಯಾಂಕುಗಳ ಬಂಡವಾಳ ಎಷ್ಟಿರಬೇಕೆಂದು ದೇಶಗಳು ಮಾಡಿಕೊಂಡ 1988ರ ಮೊದಲ ಬಾಸೆಲ್ ಒಪ್ಪಂದದ ಶೇ 8ರ ನಿಯಮ ಆಸ್ತಿಯ ಅಪಾಯವನ್ನು ತೂಗಿ ಲೆಕ್ಕ ಹಾಕುತ್ತದೆ, ಆದ್ದರಿಂದ ಕಡಿತ ಇಷ್ಟು ಒರಟಾಗಿರುವುದಿಲ್ಲ. ದಿಕ್ಕು ಮಾತ್ರ ಇದೇ. ಸರಿಯಾಗಿ ಕಂತು ಕಟ್ಟುತ್ತಿದ್ದ ಕಾರ್ಖಾನೆಗೂ ಸಾಲ ನಿಲ್ಲುವುದು ಇಲ್ಲಿಂದ. ಈ ವಿಷಯದ ಅರ್ಧ ಸಂಶೋಧನೆ ಈ ನಾಲ್ಕು ಅಂಕಿಗಳ ಸುತ್ತಲೇ ಗಿರಕಿ ಹೊಡೆಯುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್‌ವಿಗ್ ಗಟ್ಟಿಯಾದ ಬ್ಯಾಂಕೂ ಬರೀ ಭಯದಿಂದ ಹೇಗೆ ಬೀಳಬಹುದೆಂದು ಗಣಿತದಲ್ಲಿ ತೋರಿಸಿದ್ದು 1983ರಲ್ಲಿ. ಅದೇ ವರ್ಷ ಬೆನ್ ಬರ್ನಾಂಕೆ, 1930ರ ದಶಕದ ಮಹಾ ಕುಸಿತ ಅಷ್ಟು ಕಾಲ ಎಳೆದದ್ದಕ್ಕೆ ಬ್ಯಾಂಕುಗಳ ಪತನವೇ ದೊಡ್ಡ ಕಾರಣವೆಂದು ವಾದಿಸಿದರು. ಮೂವರಿಗೂ ನೊಬೆಲ್ ಬಂದದ್ದು 2022ರಲ್ಲಿ, 39 ವರ್ಷ ಕಳೆದ ಮೇಲೆ. ಅವಸರದವರಿಗೆ ಒಗ್ಗುವ ವೃತ್ತಿಯಲ್ಲ.

ಪ್ರಶ್ನೆ: ಗಣಿತ ಎಷ್ಟು ಬೇಕು? ಪಿಎಚ್‌ಡಿಗೆ ಮೊದಲು ಏನನ್ನು ಕಲಿತಿರಬೇಕು?

ಉತ್ತರ: ಕಡಿಮೆಯೆಂದರೂ ನಾಲ್ಕು: ಹಲವು ಚರಗಳ ಕಲನಶಾಸ್ತ್ರ, ರೇಖೀಯ ಬೀಜಗಣಿತ, ಸಂಭವನೀಯತೆ, ಸಂಖ್ಯಾಶಾಸ್ತ್ರ. ಸಿದ್ಧಾಂತದ ಕಡೆ ಹೋಗುವವರಿಗೆ ರಿಯಲ್ ಅನಾಲಿಸಿಸ್ (ಕಲನಶಾಸ್ತ್ರದ ಕಟ್ಟುನಿಟ್ಟಾದ ಸಾಧನೆಗಳ ಗಣಿತ) ಕೂಡ ಬೇಕು. ಜೊತೆಗೆ ದತ್ತಾಂಶ ವಿಶ್ಲೇಷಣೆಗೆ ಬಳಸುವ ಸ್ಟೇಟಾ, ಆರ್, ಪೈಥಾನ್ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಕೈ ಪಳಗಿರಬೇಕು. ಕೋಟಿಗಟ್ಟಲೆ ಸಾಲುಗಳಿರುವ ಸಾಲದ ದಾಖಲೆಗಳ ಜೊತೆ ಕೆಲಸ ಮಾಡುವವರಿಗೆ ದತ್ತಾಂಶ ಹೆಕ್ಕುವ ಭಾಷೆಯಾದ ಎಸ್‌ಕ್ಯುಎಲ್ ಇಲ್ಲದೆ ನಡೆಯುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಸದಾ ಬಿಟ್ಟುಬಿಡುವುದು ಲೆಕ್ಕಪತ್ರವನ್ನು. ಅದು ವಾಣಿಜ್ಯ ವಿಭಾಗದವರ ಪಾಡು ಎಂಬ ಹಗುರ ಭಾವನೆ. ಆದರೆ ಕೆಟ್ಟ ಸಾಲಕ್ಕೆ ತೆಗೆದಿಟ್ಟ ಮೊತ್ತಕ್ಕೂ ಸಾಲವನ್ನೇ ಪುಸ್ತಕದಿಂದ ಹೊಡೆದುಹಾಕುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಅಂಕಿಅಂಶವನ್ನು ತಪ್ಪಾಗಿ ಓದುತ್ತಾರೆ. ಹೊಡೆದುಹಾಕಿದ ತ್ರೈಮಾಸಿಕದಲ್ಲಿ ಕೆಟ್ಟ ಸಾಲದ ಪ್ರಮಾಣ ದಿಢೀರನೆ ಇಳಿಯುತ್ತದೆ. ಬ್ಯಾಂಕ್ ಸುಧಾರಿಸಿತೆಂದು ಬರೆದುಬಿಟ್ಟರೆ ಮುಗಿಯಿತು ಕಥೆ. ಪಿಎಚ್‌ಡಿಗೆ ಸೇರುವ ಮೊದಲಿನ ಬೇಸಿಗೆಯಲ್ಲಿ ಯಾವುದಾದರೂ ಒಂದು ಬ್ಯಾಂಕಿನ ಹತ್ತು ವರ್ಷದ ವಾರ್ಷಿಕ ವರದಿಗಳನ್ನು, ಅಡಿಟಿಪ್ಪಣಿ ಬಿಡದೆ, ಓದಿ ಮುಗಿಸಿ. ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಪಿಎಚ್‌ಡಿ ಸಾಮಾನ್ಯವಾಗಿ ಐದಾರು ವರ್ಷ ಹಿಡಿಯುತ್ತದೆ. ಅಮೆರಿಕದ ಮಾದರಿಯಲ್ಲಿ ಮೊದಲ ವರ್ಷ ಮೈಕ್ರೋ, ಮ್ಯಾಕ್ರೋ, ಇಕನಾಮೆಟ್ರಿಕ್ಸ್ (ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ) ಮತ್ತು ಅವುಗಳ ಅರ್ಹತಾ ಪರೀಕ್ಷೆ, ಎರಡನೆಯ ವರ್ಷ ಆಯ್ದ ವಿಷಯ, ಆಮೇಲೆ ಸಂಶೋಧನೆ. ಜನ ಕುಸಿಯುವುದು ಪರೀಕ್ಷೆಯಲ್ಲಲ್ಲ, ಮೂರನೆಯ ವರ್ಷದಲ್ಲಿ. ಅಲ್ಲಿಯವರೆಗೆ ಯಾರೋ ಕೊಟ್ಟ ಲೆಕ್ಕ ಬಿಡಿಸಿದವರು ಈಗ ಲೆಕ್ಕವನ್ನು ತಾವೇ ಹುಟ್ಟಿಸಬೇಕು. ವಿಷಯ ಸಿಗಲಿ ಎಂದು ಓದುತ್ತಲೇ ವರ್ಷ ಕಳೆಯುವವರು ಬಹಳ. ಎರಡನೆಯ ವರ್ಷದಲ್ಲೇ ಪ್ರಕಟವಾದ ಒಂದು ಪ್ರಬಂಧದ ಕೋಷ್ಟಕಗಳನ್ನು ಅದೇ ದತ್ತಾಂಶದಿಂದ ಮತ್ತೆ ಕಟ್ಟಿ ನೋಡಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ಹೊಸ ಪ್ರಶ್ನೆ ಇಣುಕುತ್ತದೆ.

ಪ್ರಶ್ನೆ: ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು ಈಗ ಈ ಕಡೆ ಬರಬಹುದೇ?

ಉತ್ತರ: ಬರಬಹುದು. ಸಾಲದ ಕಡತ ಹೇಗೆ ಮೇಲಿನ ಅಧಿಕಾರಿಯ ಮೇಜಿಗೆ ಹೋಗುತ್ತದೆ, ಯಾವ ಅಂಕಿಯನ್ನು ಯಾರು ಯಾವ ಒತ್ತಡದಲ್ಲಿ ತುಂಬುತ್ತಾರೆ ಎಂಬ ಅರಿವು ದೊಡ್ಡ ಆಸ್ತಿ. ಅಡ್ಡಿಯಾಗುವುದು ವಯಸ್ಸಲ್ಲ, ಗಣಿತದ ರೂಢಿ ತಪ್ಪಿರುವುದು ಮತ್ತು ಐದಾರು ವರ್ಷ ಆದಾಯ ಇಳಿಯುವುದು. ಪಾಠ ಮಾಡುವುದಷ್ಟೇ ಆಸೆಯಾದರೆ, ಅನುಭವಿಗಳನ್ನು ಪಿಎಚ್‌ಡಿ ಇಲ್ಲದೆಯೂ ತೆಗೆದುಕೊಳ್ಳುವ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಹುದ್ದೆಗಳು ಹಲವು ವಿಶ್ವವಿದ್ಯಾಲಯಗಳಲ್ಲಿವೆ. ಅದನ್ನು ಮೊದಲು ವಿಚಾರಿಸಿ.

ಪ್ರಶ್ನೆ: ನನ್ನ ಸಂಶೋಧನೆಯಲ್ಲಿ, ಬ್ಯಾಂಕುಗಳು ಸೊರಗಿದ ವರ್ಷಗಳಲ್ಲಿ ಸಾಲವೂ ಇಳಿದಿರುವುದನ್ನು ತೋರಿಸಿದೆ. ‘ಇದರಿಂದ ಏನೂ ಸಾಬೀತಾಗುವುದಿಲ್ಲ’ ಎಂದು ಗೈಡ್ ವಾಪಸು ಕೊಟ್ಟರು. ತಪ್ಪೇನು?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಈ ವೃತ್ತಿಯಲ್ಲಿ ನಿಲ್ಲುವವರೂ ಬೀಳುವವರೂ ಬೇರೆಯಾಗುವುದು ಇದೇ ತಿರುವಿನಲ್ಲಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕೆಟ್ಟ ಕಾಲದಲ್ಲಿ ಸಾಲ ಇಳಿಯಲು ಎರಡು ಕಾರಣಗಳಿರಬಹುದು. ಬ್ಯಾಂಕಿನ ಬಳಿ ಕೊಡಲು ಹಣವಿಲ್ಲ, ಅಥವಾ ವ್ಯಾಪಾರವಿಲ್ಲದ ಕಂಪನಿ ಸಾಲವನ್ನೇ ಕೇಳಲಿಲ್ಲ. ಎರಡರಲ್ಲೂ ನಿಮಗೆ ಕಾಣುವ ಅಂಕಿ ಒಂದೇ. ಮದ್ದು ಮಾತ್ರ ಬೇರೆ: ಮೊದಲನೆಯದಾದರೆ ಬ್ಯಾಂಕಿಗೆ ಬಂಡವಾಳ ತುಂಬಬೇಕು, ಎರಡನೆಯದಾದರೆ ತುಂಬಿ ಪ್ರಯೋಜನವಿಲ್ಲ.

ಬಿಡಿಸುವ ದಾರಿಗಳಲ್ಲಿ ಒಂದು, ಪೆಟ್ಟು ದೂರದಿಂದ ಬಂದ ಸಂದರ್ಭ ಹುಡುಕುವುದು. ಅರ್ಥಶಾಸ್ತ್ರಜ್ಞರಾದ ಜೋ ಪೀಕ್ ಮತ್ತು ಎರಿಕ್ ರೋಸೆನ್‌ಗ್ರೆನ್ ಮಾಡಿದ್ದು ಅದನ್ನೇ. 1990ರ ದಶಕದ ಆರಂಭದಲ್ಲಿ ಜಪಾನಿನ ಷೇರುಪೇಟೆ ಕುಸಿದು ಅಲ್ಲಿನ ಬ್ಯಾಂಕುಗಳ ಬಂಡವಾಳ ಕರಗಿತು. ಅವುಗಳ ಅಮೆರಿಕದ ಶಾಖೆಗಳು ಅಮೆರಿಕದಲ್ಲಿ ಸಾಲ ಕಡಿತ ಮಾಡಿದವು. ಅಮೆರಿಕದ ಗಿರಾಕಿಯ ಬೇಡಿಕೆಗೂ ಟೋಕಿಯೋದ ಷೇರು ಬೆಲೆಗೂ ನೇರ ನಂಟಿಲ್ಲ, ಆದ್ದರಿಂದ ಈ ಕಡಿತ ಬ್ಯಾಂಕಿನ ಕಡೆಯಿಂದಲೇ ಬಂದದ್ದು.

ಇನ್ನೊಂದು, ಅಸೀಮ್ ಖ್ವಾಜಾ ಮತ್ತು ಆತಿಫ್ ಮಿಯಾನ್ 2008ರಲ್ಲಿ ಪ್ರಕಟಿಸಿದ ದಾರಿ. 1998ರ ಅಣ್ವಸ್ತ್ರ ಪರೀಕ್ಷೆಯ ಬಳಿಕ ಪಾಕಿಸ್ತಾನದಲ್ಲಿ ಡಾಲರ್ ಠೇವಣಿಗಳನ್ನು ತಡೆಹಿಡಿಯಲಾಯಿತು. ಡಾಲರ್ ಠೇವಣಿ ಹೆಚ್ಚಿದ್ದ ಬ್ಯಾಂಕುಗಳಿಗೆ ಹೆಚ್ಚು ಪೆಟ್ಟು. ಇವರು ಎರಡು ಬ್ಯಾಂಕಿನಿಂದ ಸಾಲ ಪಡೆದ ಒಂದೇ ಕಂಪನಿಯನ್ನು ನೋಡಿದರು. ಕಲ್ಪಿತ ಅಂಕಿಯಲ್ಲಿ ಹೇಳುವುದಾದರೆ, ಪೆಟ್ಟು ತಿಂದ ಬ್ಯಾಂಕಿನಿಂದ ಆ ಕಂಪನಿಗೆ ಬರುವ ಸಾಲ ಶೇ 20 ಇಳಿಯಿತು, ಇನ್ನೊಂದರಿಂದ ಶೇ 5 ಇಳಿಯಿತು ಎನ್ನಿ. ಕಂಪನಿ ಒಂದೇ, ಅದರ ಹಸಿವೂ ಒಂದೇ. ಆದ್ದರಿಂದ 15ರ ಅಂತರ ಬ್ಯಾಂಕಿನದು. ಅಂಕಿಗಳ ನಡುವಿನ ಸಂಬಂಧ ಅಳೆಯುವ ರಿಗ್ರೆಷನ್ನಿನಲ್ಲಿ ಇದನ್ನು ಪ್ರತಿ ಕಂಪನಿಗೂ ಒಂದು ಫಿಕ್ಸೆಡ್ ಎಫೆಕ್ಟ್, ಅಂದರೆ ಆ ಕಂಪನಿಯದೇ ಆದ ಗುಣಗಳನ್ನು ಹೀರಿಕೊಳ್ಳುವ ಪದ, ಹಾಕಿ ಮಾಡುತ್ತಾರೆ.

ಇದನ್ನು ನಕಲು ಮಾಡಲು ಹೊರಟವರು ಎಡವುವ ಕಡೆಗಳಿವೆ.

ಒಂದೇ ಬ್ಯಾಂಕಿನ ಗಿರಾಕಿಗಳು ಲೆಕ್ಕದಿಂದ ತಾವಾಗಿಯೇ ಉದುರಿಹೋಗುತ್ತಾರೆ. ಹಾಗೆ ಉದುರುವವು ಬಹುಪಾಲು ಸಣ್ಣ ಕಂಪನಿಗಳು, ಅಂದರೆ ನಿಜವಾಗಿ ನರಳುವಂಥವು. ಎಷ್ಟು ಉದುರಿದವು ಎಂಬುದನ್ನು ಮೊದಲ ಕೋಷ್ಟಕದಲ್ಲೇ ತೋರಿಸಿ.

ಕಂಪನಿಯ ಬೇಡಿಕೆ ಎರಡೂ ಬ್ಯಾಂಕಿನ ಬಳಿ ಸಮ ಎಂಬುದು ಊಹೆ ಮಾತ್ರ. ರಫ್ತಿನ ಸಾಲಕ್ಕೆ ಒಂದು ಬ್ಯಾಂಕ್, ಯಂತ್ರ ಕೊಳ್ಳಲು ಇನ್ನೊಂದು ಎಂದಿದ್ದರೆ, ರಫ್ತು ಬಿದ್ದಾಗ ಮೊದಲನೆಯದರ ಸಾಲ ಮಾತ್ರ ಇಳಿಯುತ್ತದೆ. ಅದನ್ನು ಬ್ಯಾಂಕಿನ ದೋಷವೆಂದು ಓದಿದರೆ ತಪ್ಪು.

ಒಂದು ಬ್ಯಾಂಕ್ ಕೊಡದ್ದನ್ನು ಕಂಪನಿ ಇನ್ನೊಂದರಿಂದ ತುಂಬಿಕೊಂಡಿರಬಹುದು. ಆದ್ದರಿಂದ ಸಾಲದ ಮಟ್ಟದ ಫಲಿತಾಂಶ ಸಿಕ್ಕ ಮೇಲೆ ಕಂಪನಿಯ ಒಟ್ಟು ಸಾಲ, ಉದ್ಯೋಗ, ಹೂಡಿಕೆಗಳನ್ನು ಬೇರೆಯಾಗಿ ಪರೀಕ್ಷಿಸಬೇಕು. ಖ್ವಾಜಾ–ಮಿಯಾನ್ ಅವರಿಗೆ ಕಂಡದ್ದೂ ಇದೇ: ಬಲ, ಪ್ರಭಾವ ಇದ್ದ ದೊಡ್ಡ ಕಂಪನಿಗಳು ಬೇರೆಡೆ ತುಂಬಿಕೊಂಡವು, ಸಣ್ಣವು ತತ್ತರಿಸಿದವು.

ಕೊನೆಯದು ಅತಿ ಸಾಮಾನ್ಯ. ನಿಮ್ಮ ಬಳಿ ಹತ್ತು ಲಕ್ಷ ಸಾಲದ ದಾಖಲೆಗಳಿದ್ದರೂ ಪೆಟ್ಟು ಬಿದ್ದದ್ದು ಹನ್ನೆರಡು ಬ್ಯಾಂಕುಗಳಿಗಾದರೆ, ನಿಮ್ಮ ಬಳಿ ಇರುವ ನಿಜವಾದ ಮಾಹಿತಿ ಹನ್ನೆರಡರದ್ದೇ. ಅಂದಾಜು ಎಷ್ಟು ಅನಿಶ್ಚಿತ ಎಂದು ಹೇಳುವ ಸ್ಟ್ಯಾಂಡರ್ಡ್ ಎರರ್ ಅನ್ನು ಬ್ಯಾಂಕಿನ ಮಟ್ಟದಲ್ಲಿ ಗುಂಪುಮಾಡಿ ಲೆಕ್ಕ ಹಾಕಿ. ಗುಂಪುಗಳು ಇಷ್ಟು ಕಡಿಮೆಯಿದ್ದಾಗ ಆ ವಿಧಾನವೂ ಅತಿಯಾದ ಧೈರ್ಯ ತೋರಿಸುತ್ತದೆ. ದತ್ತಾಂಶವನ್ನು ಗುಂಪುಗುಂಪಾಗಿ ಮತ್ತೆ ಮತ್ತೆ ಕೃತಕವಾಗಿ ಕಟ್ಟಿ ಪರೀಕ್ಷಿಸುವ ವೈಲ್ಡ್ ಕ್ಲಸ್ಟರ್ ಬೂಟ್‌ಸ್ಟ್ರ್ಯಾಪ್ ಬಳಸಿ. ಬಹಳ ಖಚಿತ ಎಂಬ ಗುರುತಾಗಿ ಕೋಷ್ಟಕದಲ್ಲಿ ಮೂರು ನಕ್ಷತ್ರ ಹೊತ್ತಿದ್ದ ಫಲಿತಾಂಶಗಳು ಈ ಹಂತದಲ್ಲಿ ಒಂದೂ ಉಳಿಯದೆ ಹೋಗುವುದುಂಟು.

ಪ್ರಶ್ನೆ: ಇಂಥ ದತ್ತಾಂಶ ಸಿಗುವುದೆಲ್ಲಿ? ಬ್ಯಾಂಕ್ ತನ್ನ ಗಿರಾಕಿಯ ಲೆಕ್ಕ ಕೊಡುತ್ತದೆಯೇ?

ಉತ್ತರ: ಬ್ಯಾಂಕಿನಿಂದ ಸಿಗುವುದು ಅಪರೂಪ. ಪ್ರತಿ ಸಾಲದ ಪ್ರತ್ಯೇಕ ದಾಖಲೆ ಇರುವುದು ಕೇಂದ್ರೀಯ ಬ್ಯಾಂಕುಗಳ ಸಾಲ ನೋಂದಣಿಗಳಲ್ಲಿ. ಇಟಲಿ, ಸ್ಪೇನ್‌ಗಳ ನೋಂದಣಿಯಿಂದ ಬಹಳ ಸಂಶೋಧನೆ ಹೊರಬಂದಿದೆ. ಯೂರೋ ವಲಯದಲ್ಲಿ 2018ರ ಸೆಪ್ಟೆಂಬರಿನಿಂದ ಆನಾಕ್ರೆಡಿಟ್ ಎಂಬ ಸಮಾನ ಸಂಗ್ರಹವಿದೆ, 25,000 ಯೂರೋ ಮೇಲ್ಪಟ್ಟ ಬಾಧ್ಯತೆ ಇರುವ ಸಂಸ್ಥೆಗಳ ಸಾಲ ಅದರಲ್ಲಿ ಸೇರುತ್ತದೆ. ಇವುಗಳನ್ನು ಮನೆಗೆ ಕೊಂಡೊಯ್ಯಲಾಗದು. ಸಾಮಾನ್ಯ ದಾರಿಯೆಂದರೆ ಅಲ್ಲಿನ ಸಂಶೋಧಕರೊಬ್ಬರನ್ನು ಸಹಲೇಖಕರಾಗಿ ಮಾಡಿಕೊಳ್ಳುವುದು, ಇಲ್ಲವೇ ಸಂದರ್ಶಕ ಸಂಶೋಧಕರಾಗಿ ಹೋಗಿ ಅವರ ಕೋಣೆಯಲ್ಲೇ ಕೆಲಸ ಮಾಡುವುದು. ಫಲಿತಾಂಶ ಹೊರತರುವ ಮುನ್ನ ಗೌಪ್ಯತೆಯ ಪರಿಶೀಲನೆ ಇರುತ್ತದೆ. ಅನುಮತಿಯಿಂದ ಮೊದಲ ಕೋಷ್ಟಕದವರೆಗೆ ಒಂದು ವರ್ಷ ಹೋದರೆ ಬೇಸರ ಪಡಬೇಡಿ.

ಹೊಸಬರು ಮುಕ್ತವಾಗಿ ಸಿಗುವುದರಿಂದ ಶುರುಮಾಡುವುದು ಲೇಸು. ಅಮೆರಿಕದ ಬ್ಯಾಂಕುಗಳು ತ್ರೈಮಾಸಿಕವಾಗಿ ಸಲ್ಲಿಸುವ ಕಾಲ್ ರಿಪೋರ್ಟ್‌ಗಳು ಯಾರಿಗಾದರೂ ಲಭ್ಯ. ಇಳಿಸಿಕೊಂಡ ಕೂಡಲೇ ರಿಗ್ರೆಷನ್ ಓಡಿಸಬೇಡಿ. ಆದಾಯ, ವೆಚ್ಚದ ಅಂಕಿಗಳು ವರ್ಷದ ಆರಂಭದಿಂದ ಕೂಡುತ್ತಾ ಬಂದವು. ಎರಡನೆಯ ತ್ರೈಮಾಸಿಕದ ಅಂಕಿ ಬೇಕಾದರೆ ಜೂನ್ ಮೊತ್ತದಿಂದ ಮಾರ್ಚ್ ಮೊತ್ತ ಕಳೆಯಬೇಕು. ಕಳೆಯದಿದ್ದರೆ ಪ್ರತಿ ಬ್ಯಾಂಕೂ ಡಿಸೆಂಬರಿನಲ್ಲಿ ಅದ್ಭುತ ಲಾಭ ಮಾಡಿದಂತೆ ಕಾಣುತ್ತದೆ. ಮೊತ್ತಗಳು ಸಾವಿರ ಡಾಲರಿನಲ್ಲಿವೆ. ಒಂದು ಬ್ಯಾಂಕ್ ಇನ್ನೊಂದನ್ನು ನುಂಗಿದ ತ್ರೈಮಾಸಿಕದಲ್ಲಿ ಸಾಲ ಶೇ 80 ಏರಿದಂತೆ ತೋರುತ್ತದೆ, ಆ ಸಾಲುಗಳನ್ನು ವಿಲೀನದ ಪಟ್ಟಿಯ ಜೊತೆ ತಾಳೆ ನೋಡಿ ಗುರುತಿಸಿ. ತ್ರೈಮಾಸಿಕದ ಕೊನೆಯ ದಿನಕ್ಕೆಂದೇ ಪುಸ್ತಕ ಚೊಕ್ಕಟ ಮಾಡುವ ಚಾಳಿಯೂ ಬ್ಯಾಂಕುಗಳಿಗಿದೆ. ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ 2008ರಲ್ಲಿ ಮುಳುಗುವ ಮುನ್ನ ‘ರೆಪೊ 105’ ಎಂಬ, ಆಸ್ತಿಯನ್ನು ಕೆಲವು ದಿನಕ್ಕೆ ಮಾರಿದಂತೆ ತೋರಿಸಿ ಮತ್ತೆ ಕೊಳ್ಳುವ ತಂತ್ರದಿಂದ ಸುಮಾರು 5,000 ಕೋಟಿ ಡಾಲರ್ ಆಸ್ತಿಯನ್ನು ವರದಿಯ ದಿನ ಕಣ್ಮರೆಯಾಗಿಸುತ್ತಿತ್ತು. ಸರಾಸರಿ ಅಂಕಿ ಸಿಗುವಲ್ಲಿ ಕೊನೆಯ ದಿನದ ಅಂಕಿಯನ್ನು ನಂಬಬೇಡಿ.

ಕಚ್ಚಾ ಕಡತವನ್ನು ಎಂದೂ ತಿದ್ದದೆ, ಪ್ರತಿ ಬದಲಾವಣೆಯನ್ನೂ ಕೋಡ್‌ನಲ್ಲೇ ಇಡಿ. ಮೂರು ವರ್ಷದ ಮೇಲೆ ಜರ್ನಲ್ ಕೇಳಿದಾಗ ಒಂದೇ ಗುಂಡಿ ಒತ್ತಿ ಎಲ್ಲ ಕೋಷ್ಟಕ ಹೊರಬರಬೇಕು.

ಪ್ರಶ್ನೆ: ಪಿಎಚ್‌ಡಿ ಮುಗಿದ ಮೇಲೆ ಕೆಲಸ ಹೇಗೆ ಸಿಗುತ್ತದೆ? ಕಾಯಂ ಆಗುವುದು ಯಾವಾಗ?

ಉತ್ತರ: ಅಂತರರಾಷ್ಟ್ರೀಯ ನೇಮಕಾತಿಗೆ ಒಂದು ಋತುವಿದೆ. ಜಾಹೀರಾತು ಆಗಸ್ಟಿನಿಂದ, ಅರ್ಜಿ ನವೆಂಬರಿನ ಸುಮಾರಿಗೆ, ಮೊದಲ ಸಂದರ್ಶನ ಡಿಸೆಂಬರ್–ಜನವರಿ, ಆಮೇಲೆ ಆಯ್ದವರನ್ನು ಕರೆಸಿ ಗಂಟೆಗೂ ಮೀರಿದ ಸೆಮಿನಾರ್. ಅರ್ಜಿಯ ಜೊತೆ ಒಂದು ಮುಖ್ಯ ಪ್ರಬಂಧ, ಸ್ವವಿವರ, ಸಂಶೋಧನೆ ಹಾಗೂ ಬೋಧನೆಯ ಬಗ್ಗೆ ಟಿಪ್ಪಣಿ, ಮೂರು ಶಿಫಾರಸು ಪತ್ರ. ತೂಕವೆಲ್ಲ ಮುಖ್ಯ ಪ್ರಬಂಧದ್ದು, ಅದರಲ್ಲೂ ಮೊದಲ ಐದು ಪುಟದ್ದು. ಬ್ಯಾಂಕಿಂಗ್‌ನವರಿಗೆ ಒಂದು ಅನುಕೂಲವಿದೆ: ಅರ್ಥಶಾಸ್ತ್ರ ವಿಭಾಗ, ವ್ಯವಹಾರ ಶಾಲೆಯ ಹಣಕಾಸು ವಿಭಾಗ, ಕೇಂದ್ರೀಯ ಬ್ಯಾಂಕಿನ ಸಂಶೋಧನಾ ವಿಭಾಗ, ಮೂರೂ ಕಡೆ ಅರ್ಜಿ ಹಾಕಬಹುದು. ವ್ಯವಹಾರ ಶಾಲೆಯಲ್ಲಿ ಸಾಮಾನ್ಯವಾಗಿ ಸಂಬಳ ಹೆಚ್ಚು, ಜೊತೆಗೆ ಎಂಬಿಎ ತರಗತಿಯ ಕಟುವಾದ ಮೌಲ್ಯಮಾಪನ.

ಅಮೆರಿಕದ ಪದ್ಧತಿಯಲ್ಲಿ ಸಹಾಯಕ ಪ್ರಾಧ್ಯಾಪಕರು ಆರೇಳು ವರ್ಷದೊಳಗೆ ಕಾಯಂ ಆಗಬೇಕು, ಇಲ್ಲವೇ ಹೊರಡಬೇಕು. ಅಷ್ಟರಲ್ಲಿ ಪ್ರಬಂಧಗಳು ಒಳ್ಳೆಯ ಜರ್ನಲ್‌ಗಳಲ್ಲಿ ಬಂದಿರಬೇಕು. ಲೆಕ್ಕ ತಪ್ಪುವುದು ಸಮಯದ ಅಂದಾಜಿನಲ್ಲಿ. ಸಲ್ಲಿಸಿದ ಪ್ರಬಂಧವನ್ನು ಸಂಪಾದಕರೇ ವಾರಗಳಲ್ಲಿ ಹಿಂದಿರುಗಿಸಬಹುದು. ಪ್ರಬಂಧವನ್ನು ಪರಿಶೀಲಿಸುವ ಪರಿಣತರಾದ ರೆಫರಿಗಳ ಕೈಗೆ ಹೋದರೆ ತಿಂಗಳುಗಟ್ಟಲೆ. ‘ತಿದ್ದಿ ಮತ್ತೆ ಕಳುಹಿಸಿ’ ಎಂದರೆ ಅದೇ ಸಂಭ್ರಮ, ಆದರೆ ಇನ್ನೊಂದು ವರ್ಷ. ಎರಡು ಜರ್ನಲ್‌ನಲ್ಲಿ ತಿರಸ್ಕೃತವಾಗಿ ಮೂರನೆಯದರಲ್ಲಿ ಬರುವಷ್ಟರಲ್ಲಿ ನಾಲ್ಕು ವರ್ಷ ಸಂದಿರುತ್ತದೆ. ಆದ್ದರಿಂದ ಕೆಲಸಕ್ಕೆ ಸೇರಿದ ಮೂರನೆಯ ವರ್ಷದ ನಂತರ ಹೊಸದಾಗಿ ಕೈಗೆತ್ತಿಕೊಂಡದ್ದು ಕಾಯಮಾತಿಗೆ ಒದಗುವುದು ಕಷ್ಟ. ರೆಫರಿಗೆ ಉತ್ತರ ಬರೆಯುವಾಗ ಅವರ ಪ್ರತಿ ಮಾತನ್ನೂ ಎತ್ತಿ ಬರೆದು, ಕೆಳಗೆ ಏನು ಮಾಡಿದಿರಿ, ಯಾವ ಪುಟದಲ್ಲಿ ಎಂದು ತಿಳಿಸಿ. ಒಪ್ಪದಿದ್ದರೆ ವಾದಕ್ಕಿಂತ ಒಂದು ಕೋಷ್ಟಕ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ತರಗತಿಯಲ್ಲಿ ಬ್ಯಾಂಕ್ ಕುಸಿತವನ್ನು ಹೇಗೆ ಪಾಠ ಮಾಡಬೇಕು? ಮಾದರಿ ಬರೆದರೆ ಹುಡುಗರು ಆಕಳಿಸುತ್ತಾರೆ.

ಉತ್ತರ: ಸಮೀಕರಣಕ್ಕೆ ಮೊದಲು ಒಂದು ಬಾಂಡಿನ ಬೆಲೆ ಲೆಕ್ಕ ಹಾಕಿಸಿ. ಮುಖಬೆಲೆ 100, ಹತ್ತು ವರ್ಷ, ವರ್ಷಕ್ಕೆ 2 ಬಡ್ಡಿ. ಪೇಟೆಯ ಬಡ್ಡಿ ಶೇ 2 ಇದ್ದಾಗ ಬೆಲೆ 100. ಬಡ್ಡಿ ಶೇ 5ಕ್ಕೆ ಏರಿದರೆ? ಉತ್ತರ ಸುಮಾರು 76.8. ಈಗ ಮೊದಲ ಉತ್ತರದಲ್ಲಿ ಬಂದ, ಆಸ್ತಿ 100 ಇದ್ದ ಬ್ಯಾಂಕನ್ನೇ ತೆಗೆದುಕೊಳ್ಳಿ: ಆಸ್ತಿಯಲ್ಲಿ ಅರ್ಧದಷ್ಟು ಇಂಥ ಬಾಂಡುಗಳಿದ್ದರೆ ನಷ್ಟ 11.6, ಬಂಡವಾಳ 8. ಯಾವ ಸಾಲವೂ ಕೆಟ್ಟಿಲ್ಲ, ಸರ್ಕಾರದ ಬಾಂಡೇ ಆದರೂ ಬ್ಯಾಂಕ್ ಒಳಗಿನಿಂದ ಟೊಳ್ಳು. ಈ ಲೆಕ್ಕ ಮುಗಿಯುವ ಹೊತ್ತಿಗೆ ಆಕಳಿಕೆ ನಿಂತಿರುತ್ತದೆ.

ಆಮೇಲೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಸಂಗತಿ. ಅದರ ಠೇವಣಿಯಲ್ಲಿ ಶೇ 90ಕ್ಕೂ ಹೆಚ್ಚು ಭಾಗ 2,50,000 ಡಾಲರಿನ ವಿಮೆಯ ಮಿತಿಯಿಂದ ಹೊರಗಿತ್ತು. 2023ರ ಮಾರ್ಚ್ 9ರ ಒಂದೇ ದಿನ 4,200 ಕೋಟಿ ಡಾಲರ್ ಹೊರಹೋಯಿತು, ಮರುದಿನ ನಿಯಂತ್ರಕರು ಬಾಗಿಲು ಹಾಕಿಸಿದರು. ಬಾಂಡಿನ ನಷ್ಟ ಎಷ್ಟು ತಿಂಗಳ ಹಿಂದಿನದು, ಠೇವಣಿ ಹಿಂಪಡೆಯಲು ಎಲ್ಲರೂ ಮುಗಿಬೀಳುವ ಓಟ ಶುರುವಾದದ್ದು ಮಾತ್ರ ಆ ವಾರವೇ ಏಕೆ ಎಂದು ಕೇಳಿ. ಡೈಮಂಡ್–ಡಿಬ್‌ವಿಗ್ ಮಾದರಿ ಆಗ ಬರೆದರೆ ಉತ್ತರವಾಗಿ ಬರುತ್ತದೆ, ಹೊರೆಯಾಗಿ ಅಲ್ಲ. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಈ ಸಲ ಸಾಲು ಫೋನಿನೊಳಗಿತ್ತು ಎಂಬ ಹೋಲಿಕೆಯೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಪ್ರಾಧ್ಯಾಪಕರು ಬ್ಯಾಂಕುಗಳಿಗೆ ಸಲಹೆಗಾರರಾಗಿ ಹಣ ಪಡೆಯುವುದು ಸರಿಯೇ?

ಉತ್ತರ: ಮುಚ್ಚಿಟ್ಟರೆ ಸರಿಯಲ್ಲ. 2008ರ ಬಿಕ್ಕಟ್ಟಿನ ನಂತರ ಈ ಪ್ರಶ್ನೆಯೇ ವೃತ್ತಿಯನ್ನು ಮುಜುಗರಕ್ಕೆ ತಳ್ಳಿತು. ಅಮೆರಿಕನ್ ಇಕನಾಮಿಕ್ ಅಸೋಸಿಯೇಷನ್ 2012ರಲ್ಲಿ ನಿಯಮ ತಂದು, ಪ್ರಬಂಧದ ವಿಷಯದಲ್ಲಿ ಹಿತಾಸಕ್ತಿಯಿರುವವರಿಂದ ಕಳೆದ ಮೂರು ವರ್ಷದಲ್ಲಿ ಒಟ್ಟು 10,000 ಡಾಲರ್ ಅಥವಾ ಹೆಚ್ಚು ಪಡೆದಿದ್ದರೆ ಪ್ರಕಟಿಸಬೇಕೆಂದಿತು. ಹಣಕ್ಕಿಂತ ಸೂಕ್ಷ್ಮವಾದದ್ದು ದತ್ತಾಂಶದ ಋಣ: ಒಂದು ಬ್ಯಾಂಕ್ ಕೃಪೆಯಿಂದ ಕೊಟ್ಟ ದಾಖಲೆಯ ಮೇಲೆ ಬರೆದವರು ಅದರ ವಿರುದ್ಧ ಫಲಿತಾಂಶ ಬಂದಾಗ ಏನು ಮಾಡುತ್ತಾರೆ? ಒಪ್ಪಂದದಲ್ಲಿ ‘ಗೌಪ್ಯತೆಗಾಗಿ ಪರಿಶೀಲನೆ’ ಇರಲಿ, ‘ಪ್ರಕಟಣೆಗೆ ಅನುಮತಿ’ ಎಂಬ ಪದ ಇದ್ದರೆ ಸಹಿ ಹಾಕಬೇಡಿ.

ಸಾರ್ವಜನಿಕ ಹುದ್ದೆಗೆ ಹೋಗಿ ಬರುವುದು ಬೇರೆ ವಿಷಯ, ಅದರಿಂದ ಪಾಠಕ್ಕೂ ಲಾಭ. ಪ್ರಿನ್ಸ್‌ಟನ್ನಿನಲ್ಲಿದ್ದ ಬರ್ನಾಂಕೆ 2006ರಿಂದ 2014ರವರೆಗೆ ಅಮೆರಿಕದ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿದ್ದರು. ಷಿಕಾಗೋದ ರಘುರಾಮ್ ರಾಜನ್ ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾಗಿ, 2013ರಿಂದ 2016ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿ ಮತ್ತೆ ತರಗತಿಗೆ ಮರಳಿದರು.

ಪ್ರಶ್ನೆ: ಇಷ್ಟೆಲ್ಲ ಓದಿದವರು ಯಾವ ಬ್ಯಾಂಕ್ ಮುಳುಗುತ್ತದೆಂದು ಮೊದಲೇ ಹೇಳಬಾರದೇಕೆ?

ಉತ್ತರ: ಯಾವ ಬ್ಯಾಂಕ್ ದುರ್ಬಲ ಎಂಬುದನ್ನು ಬಹುಮಟ್ಟಿಗೆ ಹೇಳಬಲ್ಲರು: ತೆಳು ಬಂಡವಾಳ, ವಿಮೆಯಿಲ್ಲದ ಠೇವಣಿ, ಕೆಲವೇ ವರ್ಷದಲ್ಲಿ ಉಬ್ಬಿದ ಸಾಲ. ಯಾವ ದಿನ ಎಂಬುದನ್ನು ಹೇಳಲಾರರು, ಏಕೆಂದರೆ ಅದು ಉಳಿದ ಠೇವಣಿದಾರರು ಏನು ಮಾಡುತ್ತಾರೆಂದು ಪ್ರತಿಯೊಬ್ಬ ಠೇವಣಿದಾರ ಊಹಿಸುವುದರ ಮೇಲೆ ನಿಂತಿದೆ. ಹೆಸರಾಂತ ಪ್ರಾಧ್ಯಾಪಕರೊಬ್ಬರು ಇಂಥ ಬ್ಯಾಂಕ್ ಮುಳುಗುತ್ತದೆಂದು ಟಿವಿಯಲ್ಲಿ ಹೇಳಿದರೆ ಆ ಮಾತೇ ಓಟ ಶುರುಮಾಡಬಹುದು. ಆದ್ದರಿಂದ ಅವರು ಹೆಸರಿಲ್ಲದ ಕೋಷ್ಟಕದಲ್ಲಿ ಬರೆದು, ನಿಯಂತ್ರಕರಿಗೆ ಕಳುಹಿಸಿ ಸುಮ್ಮನಿರುತ್ತಾರೆ.